ಫೇಸು ಯಾವ ಕಡೆ?

ರವಿವಾರ ಮುಂಜಾನೆ ಪ್ರಮಿಳಾ ಶೇಂಗಾ ಚಟ್ನಿಗೆಂದು ಮಿಕ್ಸರಿನ ಬಟನ್ ಒತ್ತಿದಳು. ಮಿಕ್ಸರ್ ತಿರುಗಲಿಲ್ಲ. ಗೋಡೆಯ ಸಾಕೆಟ್ಟು ಮಾತ್ರ ಚಟ್ ಎಂದು, ಬೀಡಿ ಎಳೆದ ಮುದುಕನ ಹಾಗೆ ಸಣ್ಣಗೆ ಹೊಗೆ ಬಿಟ್ಟಿತು.

“ಕರೆಂಟಿನ ಕೆಲಸದವರಿಗೆ ಫೋನ್ ಮಾಡ್ರಿ,” ಎಂದು ಗಂಡನಿಗೆ ಹೇಳಿದಳು.

ಆ ಮಾತು ರಾಮಲಿಂಗ ಮಾಸ್ತರರಿಗೆ ನಾಟಿತು. ಇಪ್ಪತ್ತೆರಡು ವರ್ಷದಿಂದ ಹಿಂದವಾಡಿಯಲ್ಲಿ ಬಸ್ಸು ಹತ್ತಿ ಖಾನಾಪುರದ ಹೈಸ್ಕೂಲಿಗೆ ಹೋಗಿ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುವವರು ಅವರು. ಆದರೆ ಸ್ವಂತ ಮನೆಯಲ್ಲಿ ಬಲ್ಬು ಬಿಟ್ಟರೆ ಬೇರೇನನ್ನೂ ಬದಲಿಸಿದವರಲ್ಲ.

“ಊರಿಗೆಲ್ಲಾ ಕಲಿಸಾಂವ ನಾ. ನನ್ನ ಮನಿ ಸಾಕೆಟ್ ಹಾಕಾಕ ಇನ್ನೊಬ್ಬ ಬರಬೇಕೇನು?” ಎಂದವರೇ ಅಂಗಡಿಗೆ ಹೋಗಿ ಹೊಸ ಸಾಕೆಟ್ಟು ತಂದರು.

ಕೆಲಸವನ್ನೇನೋ ಕ್ರಮಪ್ರಕಾರವೇ ಶುರುಮಾಡಿದರು. ರಬ್ಬರ್ ಚಪ್ಪಲಿ ಹಾಕಿಕೊಂಡರು. ಕರೆಂಟಿದ್ದ ಇನ್ನೊಂದು ಪಾಯಿಂಟಿಗೆ ಟೆಸ್ಟರ್ ಹಚ್ಚಿ, ಟೆಸ್ಟರೇ ಸರಿಯಿದೆಯೋ ಇಲ್ಲವೋ ನೋಡಿದರು. ಆಮೇಲೆ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ, ನಾಲ್ಕೂ ಮನೆಗಳ ಬೋರ್ಡಿನಲ್ಲಿ ತಮ್ಮ ಮನೆಯ ಮೇನ್ ಬಂದ್ ಮಾಡಿ, ಮೇಲೆ ಬಂದು ಸಾಕೆಟ್ಟಿನ ಮುಚ್ಚಳ ಬಿಚ್ಚಿದರು. ವಯರಿಗೆ ಕೈ ಹಾಕುವ ಮೊದಲು, ಇರಲಿ ಎಂದು ಇನ್ನೊಮ್ಮೆ ಟೆಸ್ಟರ್ ಹಚ್ಚಿದರು.

ಟೆಸ್ಟರ್ ಉರಿಯಿತು.

ಮಾಸ್ತರರ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಅಷ್ಟರಲ್ಲಿ ಪಕ್ಕದ ಮನೆಯ ಗಂಗಾದೇವಿ ಬಾಗಿಲಲ್ಲಿ ನಗುತ್ತ ಕಾಣಿಸಿಕೊಂಡರು.

“ಯಾರೋ ನಿಮ್ಮ ಮೇನ್ ಬಂದ್ ಮಾಡಿಬಿಟ್ಟಿದ್ರು ನೋಡ್ರಿ ಸರ್. ಫ್ರಿಜ್ಜಿನ್ಯಾಗಿನ ಹಾಲು ಕೆಡತೈತಿ ಅಂತ ನಾನ ಚಾಲೂ ಮಾಡಿ ಬಂದೆ.”

“ನಾನ ಬಂದ್ ಮಾಡಿದ್ದೆ ವೈನಿ! ಒಂದು ಕ್ಷಣ ತಡ ಆಗಿದ್ರ ಆ ಹಾಲು ನನ್ನ ಬಾಯಾಗ ಬಿಡಬೇಕಾಗ್ತಿತ್ತು!”

“ಅಯ್ಯ, ಬಿಡ್ತು ಅನ್ರಿ!” ಎಂದು ಗಂಗಾದೇವಿ ಎದೆ ಬಡಿದುಕೊಂಡರು. ಆ ಎದೆ ಬಡಿದುಕೊಂಡ ಸದ್ದು ಬಿಲ್ಡಿಂಗಿಗೆಲ್ಲ ಕೇಳಿಸಿತು. ಮೇಲಿನ ಮನೆಯ ಸಿದ್ದಪ್ಪನವರು, ರಿಟೈರಾದ ಮೇಲೆ ಬಿಲ್ಡಿಂಗಿನ ಸೆಕ್ರೆಟರಿ ಆದವರು, ಲುಂಗಿ ಸರಿಮಾಡಿಕೊಳ್ಳುತ್ತ ಇಳಿದು ಬಂದರು. ಮಾಸ್ತರರು ಮತ್ತೆ ಮೇನ್ ಬಂದ್ ಮಾಡಿ, ಯಾರೂ ಮುಟ್ಟದಂತೆ ಅವರನ್ನೇ ಬೋರ್ಡಿನ ಕಾವಲಿಗೆ ನಿಲ್ಲಿಸಿದರು.

ಈ ಸಲ ಟೆಸ್ಟರ್ ಉರಿಯಲಿಲ್ಲ. ಸುಟ್ಟ ಸಾಕೆಟ್ಟನ್ನು ಹೊರಗೆಳೆದು ನೋಡಿದರೆ, ಕರೆಂಟು ಬರುವ ಫೇಸಿನ ಕೆಂಪು ವಯರು ‘ಎನ್’ ಎಂದು ಬರೆದ ಸ್ಕ್ರೂವಿನಲ್ಲಿತ್ತು. ನ್ಯೂಟ್ರಲ್ಲಿನ ಕರಿ ವಯರು ‘ಎಲ್’ ಎಂದು ಬರೆದಲ್ಲಿತ್ತು. ಅದಲುಬದಲು!

ಮಾಸ್ತರರು ಹೊಸ ಸಾಕೆಟ್ಟಿಗೆ ವಯರುಗಳನ್ನು ಸರಿಯಾಗಿ ಕೂಡಿಸಿ, ಸ್ಕ್ರೂ ಬಿಗಿ ಮಾಡಿ, ಮೇನ್ ಹಾಕಿಸಿದರು. ಮಿಕ್ಸರ್ ಗುರ್ರೆಂದಿತು. ಅಷ್ಟಕ್ಕೇ ಸುಮ್ಮನಾಗಿದ್ದರೆ ಚಟ್ನಿ ತಿಂದು ಮಲಗಬಹುದಿತ್ತು. ಆದರೆ ಎದುರಿಗೆ ನಾಲ್ಕು ಮಂದಿ ನಿಂತಿದ್ದರೆ ಮಾಸ್ತರರ ಬಾಯಿ ಎಲ್ಲಿ ಸುಮ್ಮನಿದ್ದೀತು?

“ಇದನ್ನ ಹಾಕಿದಾಂವ ಯಾಂವ? ಹೊಸಾ ಸಾಕೆಟ್ಟಿನ ಮ್ಯಾಲ ಎಲ್ ಬಲಕ್ಕ ಬರದೈತಿ ನೋಡ್ರಿ. ಫೇಸು ಬಲಕ್ಕಿರಬೇಕು, ಇಂವ ಎಡಕ್ಕ ಹಾಕ್ಯಾನ! ಹಿಂಗಿದ್ರ ಮಿಕ್ಸರಿನ ಬಟನ್ ಬಂದ್ ಮಾಡಿದ್ರೂ ಅದರ ಒಳಗ ಕರೆಂಟ್ ಇದ್ದೇ ಇರತೈತಿ. ಇದು ವೈರಿಂಗ್ ಅಲ್ರಿ, ಯಮನ ದಾರಿ! ಅವಗ ವಿಜ್ಞಾನ ಕಲಿಸಿದ ಮಾಸ್ತರ್ ಯಾರಂತ ಕೇಳಬೇಕು ಮೊದಲ.”

ಎಲ್ಲರೂ ಬೆಚ್ಚಿದರು. ಟೆಸ್ಟರ್ ಹಿಡಿದ ಮಾಸ್ತರರನ್ನು ಮನೆಮನೆಗೂ ಕರೆದೊಯ್ದರು. ನಾಲ್ಕೂ ಮನೆಯಲ್ಲಿ ಅದೇ ಕತೆ. ಸಿದ್ದಪ್ಪ ಬಿಲ್ಡಿಂಗ್ ಕಟ್ಟಿಸಿದವರಿಗೆ ಫೋನ್ ಮಾಡಿ, ಆರು ವರ್ಷದ ಹಿಂದೆ ವೈರಿಂಗ್ ಮಾಡಿದವನ ನಂಬರು ಪಡೆದು, ಅವನ ಜನ್ಮ ಜಾಲಾಡಿದರು.

ಮಧ್ಯಾಹ್ನದ ಹೊತ್ತಿಗೆ ಖಾನಾಪುರದಾಚೆಯ ಗುಂಜಿಯಿಂದ ಮೋಟಾರ್‌ಸೈಕಲ್ಲಿನಲ್ಲಿ ಅವನು ಬಂದ. ಸುಮಾರು ಇಪ್ಪತ್ತಾರರ ಆಳು, ಹೆಸರು ಬೀರೇಶ. ಅಂಗಳದಲ್ಲಿ ಸೇರಿದ್ದ ಮಂದಿಯನ್ನು ನೋಡಿ ಹೆದರಿದವನು, ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತ ಮಾಸ್ತರರನ್ನು ಕಂಡದ್ದೇ ಮುಖ ಅರಳಿಸಿ ಓಡಿಬಂದು ಕಾಲು ಮುಟ್ಟಿದ.

“ಸರ್! ನೀವು ಇಲ್ಲೇ ಇರ್ತೀರೇನ್ರಿ? ನಾನ್ರಿ ಬೀರೇಶ, ಖಾನಾಪುರ ಸಾಲಿ, ಹತ್ತನೇತ್ತಾ ‘ಬ’ ಸೆಕ್ಷನ್!”

“ಕಾಲು ಆಮ್ಯಾಲ ಹಿಡಿಯಂತಿ, ಮೊದಲ ಉತ್ತರಾ ಕೊಡಲೇ,” ಎಂದು ಸಿದ್ದಪ್ಪ ಗದರಿದರು.

ಮಾಸ್ತರರು ಸೊಂಟದ ಕೈ ಇಳಿಸಿದರು. “ತಡೀರಿ, ನಾ ಕೇಳ್ತೀನಿ,” ಎಂದು ಅವನನ್ನು ಅಡಿಗೆಮನೆಗೆ ಕರೆದೊಯ್ದು ಸುಟ್ಟ ಸಾಕೆಟ್ಟನ್ನು ಕೈಯಲ್ಲಿಟ್ಟರು. “ಹಿಂಗ್ಯಾಕ ಹಾಕಿದ್ಯೋ?”

ಬೀರೇಶ ತಲೆ ಕೆರೆದುಕೊಂಡ. “ನೀವು ಬೋರ್ಡಿನ ಮ್ಯಾಲ ತಗದಿದ್ರಲ್ರಿ ಸರ್, ಸಾಕೆಟ್ಟಿನ ಚಿತ್ರ. ಎಡಕ್ಕ ಫೇಸು, ಬಲಕ್ಕ ನ್ಯೂಟ್ರಲ್ಲು. ಪರೀಕ್ಷಾದಾಗ ನನಗ ಪೂರಾ ಮಾರ್ಕ್ ಕೊಟ್ಟಿದ್ರಿ.”

“ಸಾಕೆಟ್ಟಿನ ಮ್ಯಾಲ ಎಲ್, ಎನ್ ಅಂತ ಬರದಿರತೈತಲ್ಲೋ ಹುಚ್ಚಾ!”

“ಬರದಿತ್ರಿ. ಕಂಪನಿಯವರು ತಪ್ಪು ಹಾಕ್ಯಾರ ಅನ್ಕೊಂಡೆ. ನಮ್ಮ ಸರ್ ತಪ್ಪು ತಗೀತಾರೇನ್ರಿ?”

“ಮುಂದ ಯಾರೂ ಹೇಳಲಿಲ್ಲೇನು?”

“ಈ ಬಿಲ್ಡಿಂಗ್ ಆದ ಮರುವರ್ಷ ಒಬ್ಬ ಕರೆಂಟಿನ ಮಿಸ್ತ್ರಿ ಕಪಾಳಕ್ಕ ಕೊಟ್ಟು ಹೇಳಿದ್ರಿ. ಅವತ್ತಿಂದ ಎಲ್ಲಾ ಕಡೆ ಅಂವ ಹೇಳಿದಂಗ ಹಾಕ್ತೀನಿ. ಆದ್ರ ಅಂವಂದ ತಪ್ಪೋ, ನಿಮ್ದ ತಪ್ಪೋ ಅಂತ ಇವತ್ತಿನ ತನಕಾ ಸಂಶಯ ಇತ್ರಿ.”

ಮಾಸ್ತರರು ಮಿಕ್ಸರಿನ ಪ್ಲಗ್ಗು ಕಿತ್ತು ಕಡ್ಡಿಗಳನ್ನು ತಮ್ಮತ್ತ ತಿರುಗಿಸಿ ಹಿಡಿದರು. ಫೇಸು ಎಡಕ್ಕೆ. ಅದನ್ನೇ ಗೋಡೆಗೆ ಚುಚ್ಚುವಂತೆ ತಿರುಗಿಸಿದರು. ಫೇಸು ಬಲಕ್ಕೆ. ಯಾವುದೋ ಪುಸ್ತಕದಲ್ಲಿದ್ದ ಪ್ಲಗ್ಗಿನ ಚಿತ್ರವನ್ನು ಬೋರ್ಡಿಗಿಳಿಸಿ, ಕೆಳಗೆ ‘ಸಾಕೆಟ್’ ಎಂದು ಬರೆದು, ವರ್ಷ ವರ್ಷವೂ ಅದನ್ನೇ ಬರೆಸಿದ್ದರು. ಕೈಯಲ್ಲಿ ಒಮ್ಮೆಯೂ ಒಂದು ಸಾಕೆಟ್ಟು ಹಿಡಿದು ನೋಡಿರಲಿಲ್ಲ. ಇಪ್ಪತ್ತೆರಡು ವರ್ಷ. ಅಷ್ಟು ಮಕ್ಕಳಲ್ಲಿ ಎಷ್ಟು ಮಂದಿ ಸ್ಕ್ರೂಡ್ರೈವರ್ ಹಿಡಿದರೋ, ಎಷ್ಟು ಮಂದಿಗೆ ಕಪಾಳಕ್ಕೆ ಕೊಡುವ ಮಿಸ್ತ್ರಿ ಸಿಗಲೇ ಇಲ್ಲವೋ. ಮಾಸ್ತರರು ಅಲ್ಲೇ ಸ್ಟೂಲಿನ ಮೇಲೆ ಕುಳಿತರು.

“ಸರ್, ಹೊರಗ ಏನೂ ಹೇಳಬ್ಯಾಡ್ರಿ. ನಾ ನೋಡ್ಕೋತೀನಿ,” ಎಂದು ಬೀರೇಶ ಹೊರಗೆ ಹೋಗಿ ಮಂದಿಗೆ ಕೈ ಮುಗಿದ. “ತಪ್ಪು ನಂದ್ರಿ. ಸಾಲ್ಯಾಗ ಲಕ್ಷ್ಯ ಕೊಟ್ಟು ಕಲೀಲಿಲ್ಲ. ಎಲ್ಲಾ ಇವತ್ತ ಸರಿ ಮಾಡಿ ಕೊಡ್ತೀನಿ.”

“ಇಂಥಾ ಗುರುಗಳು ಸಿಕ್ಕೂ ಕಲೀಲಿಲ್ಲಲ್ಲೋ ದಡ್ಡಾ!” ಎಂದರು ಸಿದ್ದಪ್ಪ.

ಮಾಸ್ತರರಿಗೆ ಕೂರಲಾಗಲಿಲ್ಲ. ಹೊರಗೆ ಬಂದು ಹೇಳಿಯೇಬಿಟ್ಟರು: “ಅಂವ ಚಲೋನ ಕಲತಾನ್ರಿ. ನಾನ ಉಲ್ಟಾ ಕಲಿಸೀನಿ. ತಪ್ಪು ನಂದು.”

ಗಂಗಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನೋಡ್ರಿ, ಎಂಥಾ ದೊಡ್ಡ ಮನಸು! ಶಿಷ್ಯನ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರು!”

“ಗುರು ಅಂದ್ರ ಹಿಂಗಿರಬೇಕು,” ಎಂದರು ಸಿದ್ದಪ್ಪ. ಬೀರೇಶನತ್ತ ತಿರುಗಿ, “ನಾಚಿಕಿ ಆಗೂದಿಲ್ಲೇನಲೇ ನಿನಗ?” ಎಂದರು.

“ಖರೇನ ನಂದ ತಪ್ಪ್ರೀ!” ಎಂದು ಮಾಸ್ತರರು ಕೂಗಿದರು. ಅವರು ಕೂಗಿದಷ್ಟೂ ಮಂದಿ ಕೈ ಮುಗಿದರು. ಕೈ ಮುಗಿದಷ್ಟೂ ಬೀರೇಶನಿಗೆ ಬೈಗುಳ ಹೆಚ್ಚಿತು. ಬರುವ ರವಿವಾರ ಮಾಸ್ತರರಿಗೆ ಶಾಲು ಹೊದಿಸಿ, ಮನೆಯ ವೈರಿಂಗ್ ಬಗ್ಗೆ ಅವರಿಂದಲೇ ಭಾಷಣ ಮಾಡಿಸುವುದೆಂದು ಸಿದ್ದಪ್ಪ ಅಲ್ಲೇ ಘೋಷಿಸಿದರು.

ಸಂಜೆಯವರೆಗೂ ಮಾಸ್ತರರು ಮನೆಮನೆಯಲ್ಲಿ ಬೀರೇಶನಿಗೆ ಬ್ಯಾಟರಿ ಹಿಡಿದು ನಿಂತರು. ಕಡೆಗೆ ಮನೆಗೆ ಬಂದು, ಚಟ್ನಿಯ ತಟ್ಟೆಯ ಮುಂದೆ ಮಂಕಾಗಿ ಕುಳಿತು ಹೆಂಡತಿಗೆ ಹೇಳಿದರು:

“ಯಾರೂ ನಂಬವಲ್ಲರು. ಆಣಿ ಮಾಡಿ ಹೇಳ್ತೀನಿ ಪ್ರಮಿಳಾ, ತಪ್ಪು ನಂದ ಐತಿ.”

ಪ್ರಮಿಳಾ ರೊಟ್ಟಿ ಬಡಿಸುತ್ತ, ತಲೆಯನ್ನೂ ಎತ್ತದೆ ಅಂದಳು: “ಆಣಿ ಯಾಕ್ರಿ? ನಾ ಮುಂಜಾನೇನ ನಂಬೀನಿ.”