ಬಿ.ಪಿ. ಯಂತ್ರಕ್ಕೊಂದು ತೂಕದ ಕಲ್ಲು

ನಾನು ಸಂಶಯದ ಮನುಷ್ಯ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲವಾದರೆ ನನ್ನ ಹೆಂಡತಿ ನೀಲವ್ವ ಬಂದು ಹೇಳಿಬಿಡುತ್ತಾಳೆ. ಆದರೆ ತಪ್ಪು ನನ್ನದಲ್ಲ, ನನ್ನ ಕಸುಬಿನದು. ಅಕ್ಕಿಆಲೂರಿನ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ತೂಗಿಸುತ್ತಲೇ ನನ್ನ ತಲೆ ನೆರೆತಿದೆ. ಚೀಲ ತಂದ ರೈತ ನನ್ನ ತೂಕದ ಕಾಟಾವನ್ನು ನಂಬುವುದಿಲ್ಲ, ನಾನು ಅವನ ಚೀಲವನ್ನು ನಂಬುವುದಿಲ್ಲ, ಮಾಲೀಕರು ನಮ್ಮಿಬ್ಬರನ್ನೂ ನಂಬುವುದಿಲ್ಲ. ಮಿಲ್ಲು ಸುಸೂತ್ರವಾಗಿ ನಡೆದಿರುವುದೇ ಹೀಗೆ. ತೀರ ಜಗಳ ಹತ್ತಿದರೆ ಮೂಲೆಯಲ್ಲಿರುವ ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲನ್ನು ಎತ್ತಿ ಕಾಟಾದ ಮೇಲಿಡುತ್ತೇನೆ. ಸರಿಯಾಗಿ ಇಪ್ಪತ್ತು ತೋರಿಸಿತೆಂದರೆ ಎಲ್ಲರೂ ತೆಪ್ಪಗಾಗುತ್ತಾರೆ.

ಇಂಥ ನನ್ನ ತೋಳಿಗೆ ನಮ್ಮೂರಿನ ಡಾಕ್ಟರಮ್ಮ ಒಂದು ದಿನ ಪಟ್ಟಿ ಸುತ್ತಿದರು. ನಾನು ಹೋದದ್ದು ಮೊಣಕಾಲು ನೋವಿಗೆ, ಅವರು ಹೇಳಿದ್ದು ಬಿ.ಪಿ. ನೂರ ನಲವತ್ತಾರು, ತೊಂಬತ್ತೆರಡು ಎಂದು. ಗಾಬರಿಪಡುವಷ್ಟಿಲ್ಲ, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಒಂದು ತಿಂಗಳಲ್ಲಿ ಇಳಿಯದಿದ್ದರೆ ಗುಳಿಗೆ ಶುರು ಮಾಡೋಣ ಅಂದರು. ಗುಳಿಗೆ ಅಂದದ್ದೇ ನನಗೆ ಮೊಣಕಾಲು ನೋವು ಮರೆತುಹೋಯಿತು. ನನ್ನ ಅಣ್ಣನಿಗೆ ಲಕ್ವಾ ಹೊಡೆದದ್ದು ಬಿ.ಪಿ. ಗುಳಿಗೆ ಶುರು ಮಾಡಿದ ವರ್ಷವೇ. ಅವನು ಮನಸ್ಸಿಗೆ ಬಂದಾಗ ನುಂಗಿ, ಬೇಸರವಾದಾಗ ಬಿಟ್ಟಿದ್ದನೆಂದು ಅತ್ತಿಗೆ ಇವತ್ತಿಗೂ ಅಳುತ್ತಾಳೆ. ನಾನು ಮಾತ್ರ ಅಣ್ಣನನ್ನು ಬಿಟ್ಟು ಗುಳಿಗೆಯ ಮೇಲೆ ಸಂಶಯಪಟ್ಟಿದ್ದೆ. ಹಾಗಾಗಿ ಏನಾದರೂ ಮಾಡಿ ಆ ಗುಳಿಗೆಯಿಂದ ಪಾರಾಗಬೇಕಿತ್ತು.

ನಡೆಯಲು ಹೊರಟೆ. ನಮ್ಮ ಕಡೆ ಬೆಳಗಾಗುತ್ತಲೇ ಬರಿಗೈಲಿ ಬೀಸಾಗಿ ನಡೆಯುವವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಬಸ್ಸು ತಪ್ಪಿತೇ ಎಂದು ಒಬ್ಬರು, ಯಾರಾದರೂ ತೀರಿಕೊಂಡರೇ ಎಂದು ಇನ್ನೊಬ್ಬರು. ಮೂರನೆಯ ದಿನದಿಂದ ಕೈಯಲ್ಲೊಂದು ಖಾಲಿ ಚೀಲ ಹಿಡಿದುಕೊಂಡೆ, ಪ್ರಶ್ನೆ ನಿಂತವು. ಮನೆಯ ಕಥೆ ಬೇರೆ. ನೀಲವ್ವ ತಾಟಿನ ಅಂಚಿಗೆ ಉಪ್ಪು ಇಡುವುದನ್ನು ನಿಲ್ಲಿಸಿದಳು, ಉಪ್ಪಿನಕಾಯಿ ಭರಣಿಯನ್ನು ನನ್ನ ಕೈಗೆ ನಿಲುಕದ ಕಡೆ ಸರಿಸಿದಳು. ಸಾರು ಬಾಯಿಗೆ ಹತ್ತಲೊಲ್ಲದು. ನನಗೊಂದು ಸಾರು, ತನಗೊಂದು ಸಾರು ಮಾಡುತ್ತಿದ್ದಾಳೋ ಎಂದು ಅನುಮಾನ ಬಂದು, ಅವಳು ನೀರು ತರಲು ಎದ್ದಾಗ ಅವಳ ತಾಟಿಗೆ ಬೆರಳದ್ದಿ ನೆಕ್ಕಿ ನೋಡಿದೆ. ಸಾರು ಒಂದೇ. ಆದರೆ ಅವಳ ತಾಟಿನಲ್ಲಿ ಉಪ್ಪೂ ಇತ್ತು, ಉಪ್ಪಿನಕಾಯಿಯೂ ಇತ್ತು. ಕೇಳಿದರೆ, ಬಿ.ಪಿ. ನಿಮಗೆ, ನನಗೇನಾಗಿದೆ ಅಂದಳು. ಸಂಜೆ ಸಾರಿನ ವಿಚಾರ ಮತ್ತೆ ಎತ್ತಿದರೆ ಹಣೆಗೆ ಬಟ್ಟೆ ಬಿಗಿದುಕೊಂಡು, ತಲೆನೋವು ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ನನ್ನ ಮಾತು ತಪ್ಪಿಸಲು ಇದೊಂದು ಉಪಾಯ ಎಂದುಕೊಂಡೆ.

ಈ ನಡುವೆ ಹಾನಗಲ್ಲಿಗೆ ಹೋದಾಗ ಅಲ್ಲಿಯ ಒಂದು ದವಾಖಾನೆಯಲ್ಲಿಯೂ ತೋಳು ಕೊಟ್ಟು ನೋಡಿದೆ. ನೂರ ಮೂವತ್ತೆಂಟು ಬಂತು. ಮನೆಗೆ ಬರುವಷ್ಟರಲ್ಲಿ ನನ್ನ ತೀರ್ಮಾನ ಗಟ್ಟಿಯಾಗಿತ್ತು. ಒಂದೇ ಚೀಲ ಎರಡು ಕಾಟಾದಲ್ಲಿ ಎರಡು ತೂಕ ತೋರಿಸಿದರೆ ತಪ್ಪು ಚೀಲದ್ದಲ್ಲ. ಡಾಕ್ಟರಮ್ಮನ ಯಂತ್ರವನ್ನು ಪರೀಕ್ಷೆ ಮಾಡಲೇಬೇಕು, ಅದಕ್ಕೊಂದು ಕಲ್ಲು ಬೇಕು. ಅಂದರೆ, ಏನೂ ಕಾಯಿಲೆ ಇಲ್ಲದ ಒಂದು ತೋಳು. ಊರೆಲ್ಲ ಹುಡುಕುವುದೇಕೆ, ಕಲ್ಲು ಅಡಿಗೆಮನೆಯಲ್ಲಿಯೇ ರೊಟ್ಟಿ ಬಡಿಯುತ್ತಿತ್ತು.

"ನಾ ಯಾಕ್ರಿ ದವಾಖಾನಿಗೆ? ನನಗೇನ್ ಆಗೇತಿ?" ಅಂದಳು.

"ನಿನಗೇನೂ ಆಗಿಲ್ಲ ಅಂತನ ಕರಿಯಾಕತ್ತೇನಿ, ನಡಿ."

ತಿಂಗಳು ತುಂಬಿದ ದಿನ ಇಬ್ಬರೂ ಹೋದೆವು. ನನ್ನದು ನೂರ ಮೂವತ್ತಾರಕ್ಕೆ ಇಳಿದಿತ್ತು, ಗುಳಿಗೆ ಸದ್ಯಕ್ಕೆ ಬೇಡ ಅಂದರು. ನಾನು ಅಲ್ಲಿಗೇ ಎದ್ದು ಬರಬೇಕಿತ್ತು. ಕಸುಬು ಬಿಡಬೇಕಲ್ಲ, ಇವಳದೂ ಒಮ್ಮೆ ನೋಡಿರಿ ಎಂದೆ. ಪಟ್ಟಿ ಉಬ್ಬಿತು, ಇಳಿಯಿತು. ನೂರ ಎಂಬತ್ತೆರಡು, ನೂರ ಎಂಟು.

ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. "ನೋಡ್ರಿ ಮೇಡಂ, ನಿಮ್ಮ ಮಷೀನ್ ಕೆಟ್ಟೈತ್ರಿ" ಎಂದು ಗೆದ್ದವನ ಹಾಗೆ ಕುರ್ಚಿಗೆ ಒರಗಿದೆ. ಡಾಕ್ಟರಮ್ಮ ನಗಲಿಲ್ಲ. ನೀಲವ್ವನನ್ನು ಹತ್ತು ನಿಮಿಷ ಸುಮ್ಮನೆ ಕೂಡಿಸಿ, ಒಳಗಿನಿಂದ ಪಾದರಸದ ಹಳೆಯ ಯಂತ್ರ ತಂದು, ಎರಡೂ ತೋಳಿಗೆ ಸುತ್ತಿ ನೋಡಿದರು. ಹೆಚ್ಚುಕಡಿಮೆ ಅಷ್ಟೇ. ತಲೆನೋವು ಬರುತ್ತದೆಯೇ ಎಂದು ಕೇಳಿದರು. ಸಂಜೆ ಹೊತ್ತು ಬರುತ್ತದೆ, ಎರಡು ವರ್ಷವಾಯಿತು ಎಂದಳು. ಹಿಂದೆ ಯಾವಾಗ ಬಿ.ಪಿ. ನೋಡಿಸಿದ್ದಿರಿ ಎಂದರು. ನೀಲವ್ವ ಬೆರಳು ಮಡಚಿ ಲೆಕ್ಕ ಹಾಕಿದಳು.

"ಮಗಳು ಹೊಟ್ಟ್ಯಾಗ ಇದ್ದಾಗ್ರಿ."

ಆ ಮಗಳಿಗೆ ಮದುವೆಯಾಗಿ ಮೂರು ವರ್ಷ. ನನಗೆ ಲಕ್ವಾ ಹೊಡೆದ ಅಣ್ಣನ ಮಂಚ ಕಣ್ಣಮುಂದೆ ಬಂತು, ಅದರ ಮೇಲೆ ಮಲಗಿದ್ದದ್ದು ಅಣ್ಣನಲ್ಲ, ನೀಲವ್ವ. ಮಿಲ್ಲಿನ ಕಬ್ಬಿಣದ ಕಲ್ಲನ್ನಾದರೂ ಸವೆದಿದೆಯೋ ಏನೋ ಎಂದು ತಪ್ಪದೆ ಒಯ್ದು ಪರೀಕ್ಷೆ ಮಾಡಿಸಿ ಮುದ್ರೆ ಒತ್ತಿಸಿಕೊಂಡು ಬರುತ್ತೇವೆ. ಮನೆಯ ಕಲ್ಲಿನ ಮೇಲೆ ಎಲ್ಲವನ್ನೂ ಹೇರಿದೆನೇ ಹೊರತು, ಅದನ್ನೇ ಒಮ್ಮೆ ತೂಗಬೇಕೆಂದು ಹೊಳೆದಿರಲಿಲ್ಲ. ಅವತ್ತೇ ಅವಳಿಗೆ ಗುಳಿಗೆ ಶುರುವಾಯಿತು. ನಾನು ಹೆದರಿ ಸತ್ತಿದ್ದ ಅದೇ ಗುಳಿಗೆ. ಒಂದು ದಿನವೂ ತಪ್ಪಿಸಲು ಬಿಡುವುದಿಲ್ಲ ಎಂದು ಡಾಕ್ಟರಮ್ಮನಿಗೆ ನಾನೇ ಎರಡು ಸಲ ಹೇಳಿದೆ.

ಈಗ ಉಪ್ಪಿನಕಾಯಿ ಭರಣಿ ಅವಳ ಕೈಗೂ ನಿಲುಕದ ಅಟ್ಟದ ಮೇಲಿದೆ. ಮುಂಜಾನೆ ಚೀಲ ಹಿಡಿದು ಇಬ್ಬರೂ ನಡೆಯುತ್ತೇವೆ. ಬಂದ ಮೇಲೆ ಅವಳು ಗುಳಿಗೆ ನುಂಗುವವರೆಗೆ ಎದುರಿಗೇ ಕೂತು ಗಂಟಲು ನೋಡುತ್ತೇನೆ. ಮೊನ್ನೆ ನುಂಗಿ, ಬಾಯಿ ಅಗಲಿಸಿ ತೋರಿಸಿ, ತಾಟು ಮುಂದಿಡುತ್ತ ಮೆಲ್ಲಗೆ ಅಂದಳು:

"ನನ್ನ ಸಾರಿನ ಮ್ಯಾಲೆ ಸಂಶೆ ಪಟ್ರಿ, ತಲಿನೋವಿನ ಮ್ಯಾಲೆ ಸಂಶೆ ಪಟ್ರಿ. ನಾ ಆರಾಮ ಅದೇನಿ ಅಂದದ್ದೊಂದನ್ನ ನಂಬಿಬಿಟ್ರಿ ನೋಡ್ರಿ."

ನಾನು ತಲೆ ಬಗ್ಗಿಸಿ ಸಾರು ಸುರಿದುಕೊಂಡೆ. ಅದರಲ್ಲಿ ಉಪ್ಪು ಹಾಕಿದ್ದಾಳೋ ಇಲ್ಲವೋ ಎಂದು ಕೇಳುವ ಧೈರ್ಯವಾಗಲಿಲ್ಲ.