ಮೂಲೆಗುಂಪು

ಬೇರೆ ಕಡೆ ಚುನಾವಣೆಗೆ ಅಭ್ಯರ್ಥಿ ನಿಲ್ಲುತ್ತಾನೆ, ಮತದಾರ ಹೋಗಿ ಗುಂಡಿ ಒತ್ತಿ ಬರುತ್ತಾನೆ. ನಮ್ಮ ಅಯೋವಾದಲ್ಲಿ ನಿಲ್ಲಬೇಕಾದವನು ಮತದಾರ. ಅಧ್ಯಕ್ಷ ಪದವಿಗೆ ಪಕ್ಷದಿಂದ ಯಾರನ್ನು ಇಳಿಸಬೇಕು ಅಂತ ತೀರ್ಮಾನಿಸೋಕೆ ನಾಲ್ಕು ವರ್ಷಕ್ಕೊಮ್ಮೆ, ಮೂಗು ಉದುರಿಹೋಗೋ ಚಳಿಯಲ್ಲಿ, ಒಂದು ಸಂಜೆ ವಾರ್ಡಿನವರೆಲ್ಲ ಶಾಲೆಯ ಹಾಲಿನಲ್ಲಿ ಸೇರುತ್ತೇವೆ. ಈ ಸಭೆಗೆ ಕಾಕಸ್ ಅಂತ ಹೆಸರು. ಗೋಡೆಗೆ ಹೆಸರು ಅಂಟಿಸಿರುತ್ತಾರೆ. ನಿಮಗೆ ಬೇಕಾದವನ ಮೂಲೆಗೆ ಹೋಗಿ ನಿಲ್ಲಬೇಕು, ತಲೆ ಎಣಿಸುತ್ತಾರೆ. ಗುಪ್ತ ಮತದಾನ ಅನ್ನೋ ಸುಖ ನಮಗಿಲ್ಲ. ನೀವು ಯಾರ ಕಡೆ ಅಂತ ನಿಮ್ಮ ಹಲ್ಲಿನ ಡಾಕ್ಟರಿಗೂ ಗೊತ್ತಾಗುತ್ತೆ, ಕ್ಷೌರದವನಿಗೂ ಗೊತ್ತಾಗುತ್ತೆ. (ಇಬ್ಬರೂ ಬೇರೆ ಮೂಲೆಯವರಾದರೆ ಆಮೇಲೆ ಬಾಯಿ ತೆರೆಯೋಕೂ ಭಯ, ತಲೆ ಕೊಡೋಕೂ ಭಯ.)

ಈ ಸಲ ಹನ್ನೊಂದು ಜನ ಅಭ್ಯರ್ಥಿಗಳು ಬಂದರು. ಹನ್ನೊಂದೂ ಜನರನ್ನು ನಾನು ಖುದ್ದಾಗಿ ಹೋಗಿ ಕಂಡೆ. ಎಲ್ಲರನ್ನೂ ಒಂದೇ ಮಾತು ಕೇಳಿದೆ: "ಸ್ವಾಮಿ, ನಮ್ಮ ರಸ್ತೆಯ ಹಳ್ಳದ ಸೇತುವೆ ಮುಚ್ಚಿ ಆರು ವರ್ಷ ಆಯ್ತು. ಮನೆ ಎದುರಿಗೆ ಕಾಣೋ ನನ್ನ ಜೋಳದ ಹೊಲಕ್ಕೆ ಒಂಬತ್ತು ಮೈಲಿ ಸುತ್ತಿ ಹೋಗ್ತೀನಿ. ಏನಾದ್ರೂ ಮಾಡ್ತೀರಾ?" ಹನ್ನೊಂದೂ ಜನ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, "ಬಹಳ ಒಳ್ಳೇ ಪ್ರಶ್ನೆ ಕೇಳಿದ್ರಿ" ಅಂದು ಪಕ್ಕದವನ ಕೈ ಹಿಡಿದರು. ಗವರ್ನರ್ ಕೋಲ್ ಅನ್ನೋವ್ರು ತಾವು ಬಡತನದಲ್ಲಿ ಹುಟ್ಟಿದ ಕಥೆ ಹೇಳಿದರು. ಟೀಗ್ ಅನ್ನೋ ಮಹಿಳೆ ಫೋಟೋಕ್ಕೆ ಹಂದಿಮರಿ ಎತ್ತಿಕೊಂಡರು, ತಲೆಕೆಳಗಾಗಿ. ಸೆನೆಟರ್ ಆಶ್ಬಿ ಮಾತ್ರ ನಮ್ಮ ಮನೆಗೇ ಬಂದರು. ನನ್ನ ಹೆಂಡತಿ ಆರ್ಡಿತ್ ಮಾಡಿದ ಪೈ ಎರಡು ತುಂಡು ತಿಂದರು. ಸೇತುವೆಯ ವಿಷಯಕ್ಕೆ ಆಮೇಲೆ ಬರ್ತೀನಿ ಅಂದರು. ಆಮೇಲೆ ಹೊರಟುಹೋದರು.

ಅವತ್ತಿನಿಂದ ಆರ್ಡಿತ್ ನಮ್ಮ ವಾರ್ಡಿನಲ್ಲಿ ಆಶ್ಬಿಯ ನಾಯಕಿ. ಎಂಟು ತಿಂಗಳು ಮನೆಮನೆ ಬಾಗಿಲು ತಟ್ಟಿದಳು. ನಾನು ಎಂಟು ತಿಂಗಳು ತಂಗಳು ಉಂಡೆ.

ಕಾಕಸ್ ದಿನ ಬೂಟು ಹಾಕಿಕೊಳ್ಳುತ್ತಾ ನನ್ನ ತೀರ್ಮಾನ ಘೋಷಿಸಿದೆ.

"ಈ ಸಲ ನಾನು ಯಾರ ಕಡೆಯೂ ನಿಲ್ಲಲ್ಲ."

"ಹಾಗಾದ್ರೆ ಮನೇಲೇ ಬಿದ್ದಿರು" ಅಂದಳು ಆರ್ಡಿತ್.

"ಬಂದೇ ಬರ್ತೀನಿ. ‘ಯಾರ ಕಡೆಯೂ ಅಲ್ಲ’ ಅಂತಾನೇ ಒಂದು ಮೂಲೆ ಇರುತ್ತಲ್ಲ, ಅಲ್ಲಿ ನಿಲ್ತೀನಿ."

"ಅದು ದಿಕ್ಕು ತಪ್ಪಿದೋರ ಜಾಗ."

"ತಿಳಿವಳಿಕೆ ಇರೋರ ಜಾಗ."

ಅವಳು ಮಫ್ಲರ್ ಸುತ್ತಿಕೊಳ್ಳೋದನ್ನ ನಿಲ್ಲಿಸಿ ನನ್ನನ್ನೇ ನೋಡಿದಳು. "ನೋಡು ಗೇಲನ್, ನಿನ್ನ ಕಟ್ಕೊಂಡು ಮೂವತ್ತೊಂದು ವರ್ಷ ಆಯ್ತು. ಊಟಕ್ಕೇನು ಮಾಡ್ಲಿ ಅಂದ್ರೆ ‘ಏನಾದ್ರೂ’ ಅಂತೀಯ. ಗೋಡೆಗೆ ಯಾವ ಬಣ್ಣ ಅಂದ್ರೆ ‘ಯಾವುದಾದ್ರೂ’ ಅಂತೀಯ. ಈಗ ಅದನ್ನೇ ಒಂದು ಸಿದ್ಧಾಂತ ಮಾಡ್ಕೊಂಡ್ಯಾ?"

ಶಾಲೆಯೂ ಹಳ್ಳದ ಆಚೆಗೇ, ಪಿಕಪ್ ಗಾಡಿಯಲ್ಲಿ ಒಂಬತ್ತು ಮೈಲಿ ಸುತ್ತಿಕೊಂಡು ಹೋದೆವು. ದಾರಿಯುದ್ದಕ್ಕೂ ಹೀಟರ್ ಒಂದೇ ಮಾತಾಡಿದ್ದು.

ಹಾಲಿನಲ್ಲಿ ತೊಂಬತ್ತಮೂರು ಜನ. ಸಭೆ ನಡೆಸೋವ್ರು ವರ್ನಾ ಮೇಡಂ, ನಮಗೆಲ್ಲ ಮೂರನೇ ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಟ್ಟವರು, ಈಗಲೂ ಕೈಯಲ್ಲಿ ಅದೇ ಸೀಟಿ. "ನೂರಕ್ಕೆ ಹದಿನೈದು ಇರಬೇಕು. ಅಂದ್ರೆ ಹದಿನಾಲ್ಕು ತಲೆ. ಇಲ್ಲದ ಮೂಲೆ ಲೆಕ್ಕಕ್ಕಿಲ್ಲ" ಅಂದು ಎಣಿಸತೊಡಗಿದರು. ಕೋಲ್ ಮೂಲೆ ನಲವತ್ತೊಂದು. ಟೀಗ್ ಮೂಲೆ ಮೂವತ್ತು. ಆಶ್ಬಿ ಮೂಲೆ ಹದಿಮೂರು. ಯಾರ ಕಡೆಯೂ ಅಲ್ಲದ ನಮ್ಮ ಮೂಲೆ ಒಂಬತ್ತು. ಮಿಕ್ಕ ಎಂಟು ಹೆಸರಿನ ಕೆಳಗೆ ಯಾರೂ ಇಲ್ಲ.

"ಅರ್ಧ ಗಂಟೆ ಟೈಮು. ಹದಿನಾಲ್ಕು ಇಲ್ಲದೋರು ಬೇರೆ ಮೂಲೆಗೆ ಹೋಗಿ, ಇಲ್ಲಾ ಜನ ಸೇರಿಸ್ಕೊಳ್ಳಿ" ಅಂದರು ಮೇಡಂ.

ಆರ್ಡಿತ್‌ಗೆ ಬೇಕಾಗಿದ್ದು ಒಂದು ತಲೆ. ಎಂಟು ತಿಂಗಳ ದುಡಿಮೆ ಒಂದು ತಲೆಯ ಮೇಲೆ ನಿಂತಿತ್ತು, ಆ ತಲೆ ನನ್ನ ಹೆಗಲ ಮೇಲಿತ್ತು.

ಅಷ್ಟರಲ್ಲಿ ನಾನು ನಮ್ಮ ಮೂಲೆಯಲ್ಲಿ ದೊಡ್ಡ ಮನುಷ್ಯನಾಗಿಬಿಟ್ಟಿದ್ದೆ. ಸೇತುವೆಯ ಕಥೆ, ಹಂದಿಮರಿಯ ಕಥೆ, ಎರಡು ತುಂಡು ಪೈ ಕಥೆ, ಎಲ್ಲ ಹೇಳಿದ್ದೆ. ಪಕ್ಕದ ಹೊಲದ ಡೆಲ್ಮರ್ ಬೆನ್ನು ತಟ್ಟಿ, "ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದೆ ಮಾರಾಯಾ ಈ ಬಾಯಿನ?" ಅಂದ. (ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ ಅಂತ ಹೇಗೆ ಹೇಳಲಿ.) ಆ ಹುಮ್ಮಸ್ಸಿನಲ್ಲಿ ಏನೇ ಬರಲಿ ಒಂದು ಹೆಜ್ಜೆ ಕದಲೋದಿಲ್ಲ ಅಂತ ಭೀಷ್ಮ ಪ್ರತಿಜ್ಞೆಯನ್ನೂ ಮಾಡಿಬಿಟ್ಟೆ.

ಆರ್ಡಿತ್ ಬಂದಳು. ತಗ್ಗಿದ ದನಿಯಲ್ಲಿ, "ಒಬ್ಬ ಸಾಕು ಗೇಲನ್" ಅಂದಳು.

"ನಾಲ್ಕು ಜನರ ಮುಂದೆ ಮಾತು ಕೊಟ್ಟಿದ್ದೀನಿ" ಅಂದೆ.

"ಚರ್ಚಿನಲ್ಲಿ ಇನ್ನೂರು ಜನರ ಮುಂದೆ ಒಂದು ಮಾತು ಕೊಟ್ಟಿದ್ದೆ. ನೆನಪಿದೆಯಾ?"

"ಅದರಲ್ಲಿ ಆಶ್ಬಿ ಹೆಸರಿರಲಿಲ್ಲ."

ಡೆಲ್ಮರ್ ಕಿಸಕ್ಕನೆ ನಕ್ಕ. ಆರ್ಡಿತ್ ತನ್ನ ಮೂಲೆಗೆ ಹಿಂದಿರುಗಿದಳು. ಗೆದ್ದೆ ಅಂದುಕೊಂಡೆ. ಆ ಗೆಲುವು ನಾಲ್ಕು ನಿಮಿಷ ಇತ್ತು.

ಕೋಲ್ ಕಡೆಯ ನಾಯಕಿ ಕೊರಿನ್ ಸ್ವೀನಿ ಒಂದು ತಟ್ಟೆ ಬಿಸ್ಕತ್ತು ಹಿಡಿದು ಆರ್ಡಿತ್ ಹತ್ತಿರ ಹೋಗೋದು ಕಾಣಿಸಿತು. ಹಾಲಿಗೆಲ್ಲ ಕೇಳೋ ಹಾಗೆ, "ಪಾಪ, ಎಷ್ಟು ಓಡಾಡಿದ್ಯಮ್ಮಾ, ಸ್ವಂತ ಗಂಡನೇ ಬರಲಿಲ್ಲ ಅಂದ್ರೆ ಊರವರು ಎಲ್ಲಿ ಬರ್ತಾರೆ? ತಗೋ, ಒಂದು ತಿನ್ನು" ಅಂದಳು. ಆರ್ಡಿತ್ ಬಿಸ್ಕತ್ತು ತೆಗೆದುಕೊಂಡಳು. ತಿನ್ನಲಿಲ್ಲ, ಹಾಗೇ ಕೈಯಲ್ಲಿ ಹಿಡಿದು ನಿಂತಳು. ಸೇತುವೆ ಹಾಳಾಗಲಿ, ಆಶ್ಬಿ ಮನೆ ಹಾಳಾಗಲಿ, ಕೊರಿನ್ ಸ್ವೀನಿಯ ಬಿಸ್ಕತ್ತು ಹಿಡಿದು ನನ್ನ ಹೆಂಡತಿ ನಿಲ್ಲೋದನ್ನ ನೋಡೋಕೆ ನನ್ನಿಂದ ಆಗಲಿಲ್ಲ.

ಆದರೆ ಪ್ರತಿಜ್ಞೆ ಮಾಡಿ ಕಾಲು ಗಂಟೆ ಆಗಿರಲಿಲ್ಲ. ಡೆಲ್ಮರ್ ಕಣ್ಣೆದುರಿಗೆ ಹಾಲು ದಾಟೋದು ಹೇಗೆ? "ಟಾಯ್ಲೆಟ್‌ಗೆ ಹೋಗಿ ಬಂದೆ" ಅಂದೆ. ಹೊರಗಿನ ಪಡಸಾಲೆ ಹಾಲಿನ ಹಿಂದಕ್ಕೆ ಸುತ್ತಿ ಹೋಗುತ್ತೆ, ಆಶ್ಬಿ ಮೂಲೆಯ ಪಕ್ಕದಲ್ಲೇ ಹಿಂಬಾಗಿಲು. ಹೋಗಿ ಏನು ಹೇಳಬೇಕು ಅಂತ ಅಲ್ಲೇ ನಿಂತು ಸ್ವಲ್ಪ ತಾಲೀಮು ಮಾಡಿದೆ. "ಆರ್ಡಿತ್, ನಾನು ಬಂದಿದ್ದೀನಿ" ಅನ್ನೋದೇ ಗಂಭೀರವಾಗಿ ಕೇಳಿಸಿತು.

ಹಿಂಬಾಗಿಲು ತಳ್ಳಿ ಒಳಗೆ ಬಂದು, "ಆರ್ಡಿತ್, ನಾನು ಬಂದಿದ್ದೀನಿ" ಅಂದೆ.

ಮೂಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗೋಡೆಯ ಮೇಲೆ ಆಶ್ಬಿ ಹಲ್ಲು ಕಿರಿದುಕೊಂಡಿದ್ದರು, ಅಷ್ಟೆ.

ಎದುರು ಗೋಡೆ ನೋಡಿದೆ. ‘ಯಾರ ಕಡೆಯೂ ಅಲ್ಲ’ ಅನ್ನೋ ಹಾಳೆಯ ಕೆಳಗೆ ದೊಡ್ಡ ಜಾತ್ರೆ. ಮಧ್ಯದಲ್ಲಿ ಆರ್ಡಿತ್, ಕತ್ತು ಉದ್ದ ಮಾಡಿ ಯಾರನ್ನೋ ಹುಡುಕುತ್ತಿದ್ದಾಳೆ. ನಾನು ಓಡಲು ಕಾಲೆತ್ತಿದೆ. ಸೀಟಿ ಕೂಗಿತು.

"ಟೈಮ್ ಮುಗೀತು. ಇದ್ದೋರು ಇದ್ದಲ್ಲೇ ನಿಲ್ಲಿ" ಅಂದರು ವರ್ನಾ ಮೇಡಂ.

"ಮೇಡಂ, ನಾನು ಆ ಕಡೆಯವನು."

"ಗೇಲನ್, ನಿಂತಲ್ಲೇ ನಿಲ್ಲು ಅಂದೆ." ಐವತ್ತೆಂಟು ವರ್ಷದ ನನ್ನ ಕಾಲು ಮೂರನೇ ಕ್ಲಾಸಿನ ಭಯಕ್ಕೆ ಅಲ್ಲೇ ಹೂತುಹೋಯಿತು. ಮೇಡಂ ಎಣಿಸುತ್ತಾ ಬಂದರು. ಕೋಲ್ ನಲವತ್ತೊಂದು. ಟೀಗ್ ಮೂವತ್ತು. ಯಾರ ಕಡೆಯೂ ಅಲ್ಲ ಇಪ್ಪತ್ತೊಂದು. ನನ್ನ ಮುಂದೆ ಬಂದು ನಿಂತು, ಬೆರಳು ನನ್ನ ಎದೆಗೇ ತೋರಿಸಿ, "ಆಶ್ಬಿ, ಒಂದು" ಅಂದರು. ತಪ್ಪಿಹೋಗಬಾರದು ಅಂತ ಬರೆದೂ ಕೊಂಡರು.

ನಡೆದದ್ದನ್ನು ಡೆಲ್ಮರ್ ಆಮೇಲೆ ಹೇಳಿದ. ನಾನು ಆಚೆ ಹೋದ ತಕ್ಷಣ ಆರ್ಡಿತ್ ಆ ಬಿಸ್ಕತ್ತನ್ನು ಕೊರಿನ್ ತಟ್ಟೆಗೇ ವಾಪಸ್ಸು ಇಟ್ಟು, ತನ್ನ ಹನ್ನೆರಡು ಜನಕ್ಕೆ ಹೇಳಿದಳಂತೆ: "ಎಂಟು ತಿಂಗಳಲ್ಲಿ ಆಶ್ಬಿ ನನಗೆ ಮೂರು ಕಾಗದ ಬರೆದ. ಮೂರರಲ್ಲೂ ‘ಪ್ರಿಯ ಈಡಿತ್’. ನನಗೂ ಸಾಕಾಗಿದೆ. ನನ್ನ ಗಂಡ ಹುಟ್ಟಿದಾಗಿಂದ ಮೊದಲನೇ ಸಲ ಒಂದು ಮಾತಿಗೆ ಗಟ್ಟಿಯಾಗಿ ನಿಂತಿದ್ದಾನೆ. ಒಬ್ಬನೇ ಯಾಕೆ ನಿಲ್ಲಬೇಕು, ನಡೀರಿ." ಹದಿಮೂರೂ ಜನ ಹೊರಟುಬಂದರಂತೆ. ಗಟ್ಟಿಯಾಗಿ ನಿಂತವನು ಆಗ ಪಡಸಾಲೆಯಲ್ಲಿ ತಾಲೀಮು ಮಾಡುತ್ತಿದ್ದ.

ಜಿಲ್ಲಾ ಸಮಾವೇಶಕ್ಕೆ ಆ ಮೂಲೆಯಿಂದ ಪ್ರತಿನಿಧಿ ಯಾರು ಅಂದಾಗ ಇಪ್ಪತ್ತೊಂದೂ ಕೈ ಆರ್ಡಿತ್‌ಗೆ ಎದ್ದವು. ಅವಳು ಭಾಷಣ ಮಾಡಿದಳು. ನನ್ನ ಸೇತುವೆ, ನನ್ನ ಒಂಬತ್ತು ಮೈಲಿ. ಚಪ್ಪಾಳೆ ಅವಳಿಗೆ ಬಿತ್ತು. ಚಪ್ಪಾಳೆ ತಟ್ಟಬೇಕೋ ಬೇಡವೋ ಗೊತ್ತಾಗದೆ ನಾನು ಆಶ್ಬಿಯ ಫೋಟೋ ಕೆಳಗೆ ಕೈ ಕಟ್ಟಿಕೊಂಡು ನಿಂತೆ.

ವಾಪಸ್ಸು ಬರುವಾಗ ಗಾಡಿಯಲ್ಲಿ ಕೇಳಿದಳು. "ನೀನು ಯಾಕೆ ಅಲ್ಲಿಗೆ ಹೋದೆ?"

"ನೀನು ಆ ಬಿಸ್ಕತ್ತು ಹಿಡ್ಕೊಂಡು ನಿಂತಿದ್ದು ನೋಡಕ್ಕಾಗ್ಲಿಲ್ಲ ಕಣೇ."

ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟು ನಗತೊಡಗಿದಳು, ಕಣ್ಣಲ್ಲಿ ನೀರು ಬರೋ ತನಕ ನಕ್ಕಳು. ನನಗೂ ಸಂತೋಷವಾಯಿತು. ಗಂಡಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ನಮ್ಮದು ಊಟಕ್ಕೆ ಮೊದಲೇ ಮುಗಿದಿತ್ತು.

ಶನಿವಾರ ಇಪ್ಪತ್ತೊಂದು ಜನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸೇರಿದರು, ಸಮಾವೇಶದಲ್ಲಿ ಏನು ಮಾತಾಡಬೇಕು ಅಂತ ನಿರ್ಧರಿಸೋಕೆ. ಡೆಲ್ಮರ್ ನನ್ನ ಕುರ್ಚಿಯಲ್ಲಿ ಕೂತಿದ್ದ. ನಾನು ಎಲ್ಲರಿಗೂ ಕಾಫಿ ಕೊಟ್ಟು, ಸ್ಟೂಲು ಎಳೆದುಕೊಂಡು, "ನನ್ನ ಅಭಿಪ್ರಾಯ ಏನಂದ್ರೆ" ಅಂತ ಶುರುಮಾಡಿದೆ. ಎಲ್ಲರೂ ತಮ್ಮ ತಮ್ಮ ಲೋಟ ನೋಡಿಕೊಂಡರು.

"ಗೇಲನ್" ಅಂದಳು ಆರ್ಡಿತ್, ಬಹಳ ಮೃದುವಾಗಿ. "ಬೇಜಾರು ಮಾಡ್ಕೋಬೇಡ. ಇದು ಯಾರ ಕಡೆಯೂ ಅಲ್ಲದೋರ ಸಭೆ. ನೀನು ಆಶ್ಬಿ ಕಡೆಯೋನು ಅಂತ ದಾಖಲೆಯಲ್ಲಿದೆ."

"ಆಶ್ಬಿ ಸ್ಪರ್ಧೆಯಿಂದಲೇ ಹೊರಗೆ ಹೋಗಿ ಮೂರು ದಿನ ಆಯ್ತಲ್ಲೇ."

"ಪಾಪ, ನಿನಗೆ ಎಷ್ಟು ಕಷ್ಟ ಆಗಿರುತ್ತೆ ಅಂತ ನಮಗೂ ಗೊತ್ತು" ಅಂದ ಡೆಲ್ಮರ್. "ಹೋಗ್ತಾ ಆ ಬಾಗಿಲು ಸ್ವಲ್ಪ ಎಳ್ಕೊಂಡು ಹೋಗಪ್ಪ."