ಮೈತುಂಬ ಹಳದಿ ಚೀಟಿ

ಇಷ್ಟೆಲ್ಲ ರಂಪಕ್ಕೆ ಮೂಲ ಒವಿಲಾ ಮುದುಕನ ಮೇಜಿನ ಖಾನೆಯಲ್ಲಿ ಬಿದ್ದಿದ್ದ ಒಂದು ಹಿಡಿ ಹಳದಿ ಚೀಟಿ. ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಜನವರಿ ಹಳೆ ಬಟ್ಟೆಯ ಬಜಾರು ನಡೆಯುತ್ತದಲ್ಲ, ಅಲ್ಲಿ ಉಳಿದದ್ದು. ದಾನಕ್ಕೆ ಬಂದ ಬಟ್ಟೆಗೆಲ್ಲ ಅದರದರ ಹೆಸರು ಬರೆದ ಹಳದಿ ಚೀಟಿ ಸಿಕ್ಕಿಸುವುದು ಇಲ್ಲಿಯ ಪದ್ಧತಿ.

ಒವಿಲಾನ ಮನೆಯ ಮಹಡಿಯಲ್ಲಿ ವೆಂಡೆಲ್ ಬಾಡಿಗೆಗಿದ್ದ. ಕೆನಡಾದ ಪಶ್ಚಿಮದ ಸಸ್ಕಾಚೆವಾನಿನ ಗೋಧಿ ಸೀಮೆಯವನು, ಇಂಗ್ಲಿಷ್ ಬಿಟ್ಟರೆ ಬೇರೆ ಮಾತು ಬಾರದು. ಬೀದಿದೀಪ ಕೆಟ್ಟರೆ ಇವನ ಕೈಗೊಂದು ಲಾಟೀನು ಕೊಟ್ಟು ನಿಲ್ಲಿಸಬಹುದು, ಅಷ್ಟೆತ್ತರ. ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕೆಂದು ಫ್ರೆಂಚ್ ಮಾತಾಡುವ ನಮ್ಮ ಕೆಬೆಕ್‌ಗೆ ಬಂದವನು ಬೇಕರಿಯ ಸೊಲಾಂಜ್‌ಗೆ ಮನಸೋತ. ಅವಳೂ ಸೋತಳು. ಸೋಲದೆ ನಿಂತವಳು ಅವಳ ತಾಯಿ, ದರ್ಜಿ ಮದಾಂ ಪೆಲ್ಶಾ. ಆಕೆ ಕಣ್ಣುಬಿಟ್ಟು ನೋಡಿದರೆ ಗುಂಡಿ ತಾನಾಗಿಯೇ ಕಾಜಾದೊಳಗೆ ಹೋಗಿ ಕೂರುತ್ತಿತ್ತು.

"ತಾನು ತೊಟ್ಟ ಬಟ್ಟೆ ಹೆಸರು ಫ್ರೆಂಚಲ್ಲಿ ಹೇಳೋಕೆ ಬರದೋನಿಗೆ ಮಗಳನ್ನ ಹ್ಯಾಗೆ ಕೊಡ್ಲಿ?" ಅಂದಿದ್ದಳು ಆಕೆ ಮಗಳಿಗೆ. "ಶನಿವಾರ ಬಜಾರಿಗೆ ಬರೋಕೆ ಹೇಳು. ಎಲ್ಲರ ಮುಂದೆ ಕೇಳ್ತೀನಿ. ಹೇಳಿದ್ರೆ ಬೇಸಿಗೇಲಿ ಮದುವೆ. ಇಲ್ದಿದ್ರೆ ಗೋಧಿ ಕೊಯ್ಯೋಕೆ ವಾಪಸ್ ಹೋಗ್ಲಿ."

ಶನಿವಾರ ಬೆಳಗ್ಗೆ ವೆಂಡೆಲ್ ಮೆಟ್ಟಿಲ ಮೇಲೆ ತಲೆಹಿಡಿದು ಕೂತಿದ್ದ. ಒವಿಲಾನಿಗೆ ಅರೆಬರೆ ಇಂಗ್ಲಿಷ್ ಬರುತ್ತಿತ್ತು, ಪರರ ವಿಷಯದಲ್ಲಿ ಆಸಕ್ತಿ ಮಾತ್ರ ಪೂರ್ತಿ ಇತ್ತು.

"ಇದಕ್ಯಾಕಪ್ಪಾ ಅಳ್ತೀಯ? ಒಂದೊಂದು ಬಟ್ಟೆಗೂ ಹೆಸರು ಬರೆದು ಸಿಕ್ಕಿಸ್ತೀನಿ. ದಾರಿಯುದ್ದಕ್ಕೂ ಓದ್ಕೊಂಡು ಹೋಗು. ಬಾಗಿಲಲ್ಲಿ ಕಿತ್ತು ಬಿಸಾಕು, ಅಷ್ಟೆ."

ಬರೆದ, ಸಿಕ್ಕಿಸಿದ. ಕೋಟಿಗೆ ಮಾಂತೋ. ಉಣ್ಣೆ ಟೋಪಿಗೆ ತುಕ್. ಕುತ್ತಿಗೆಯ ಶಾಲಿಗೆ ಫುಲಾರ್. ಬೂಟಿಗೆ ಬೋತ್. ಸ್ವೆಟರಿಗೆ ಶಾಂದಾಯ್. ಪ್ಯಾಂಟಿಗೆ ಪಾಂತಾಲೋಂ. ಪಿನ್ನುಗಳನ್ನು ಎಷ್ಟು ಬಿಗಿಯಾಗಿ ಚುಚ್ಚಿದನೆಂದರೆ ವೆಂಡೆಲ್ ಎರಡು ಸಲ ಫ್ರೆಂಚಿನಲ್ಲೇ ನರಳಿದ.

ಆವತ್ತಿನ ಚಳಿಯಾದರೂ ಎಂಥದು. ಬೊಗಳಿದ ನಾಯಿಯ ಸದ್ದು ಹೆಪ್ಪುಗಟ್ಟಿ ಬೀದಿಗೆ ಬಿದ್ದು, ಮಧ್ಯಾಹ್ನ ಬಿಸಿಲು ಬಂದ ಮೇಲೆ ಕೇಳಿಸುತ್ತಿತ್ತು. ವೆಂಡೆಲ್ ತನ್ನ ಮೈಯನ್ನು ತಾನೇ ಓದಿಕೊಳ್ಳುತ್ತ ಚರ್ಚಿಗೆ ಬಂದ. ಚೀಟಿ ಕೀಳಲು ನೋಡಿದರೆ ಬೆರಳು ಮರದ ಚಮಚದಂತೆ ಸೆಟೆದಿದ್ದವು. ಒಳಗೆ ಮೈ ಕಾಯಿಸಿಕೊಂಡು ಕಿತ್ತರಾಯಿತು ಎಂದುಕೊಂಡ. ಬಾಗಿಲ ಹತ್ತಿರ ಎಲ್ಲರಂತೆ ಬೂಟು ಬಿಚ್ಚಿಟ್ಟ. ಕೋಟು, ಟೋಪಿ, ಶಾಲುಗಳನ್ನು ಬೆಂಚಿನ ಮೇಲೆ ಹಾಕಿದ. ಬಟಾಣಿ ಸೂಪಿನ ವಾಸನೆ ಹಿಡಿದು ಒಲೆಯ ಕಡೆ ಹೋದ.

ಬಜಾರಿನ ಉಸ್ತುವಾರಿ ರೊಜಿಲ್ದಾಳದ್ದು. ಆಕೆಯ ಕಣ್ಣಿಗೆ ಹಳದಿ ಚೀಟಿ ಬಿತ್ತು.

"ನೋಡ್ರೇ, ಯಾರೋ ಪುಣ್ಯಾತ್ಮರು ಹೆಸರು ಸಮೇತ ತಂದು ಇಟ್ಟಿದಾರೆ," ಎಂದು ಎಲ್ಲವನ್ನೂ ಬಾಚಿಕೊಂಡು ಮೇಜಿಗೆ ಸುರಿದಳು.

ವೆಂಡೆಲ್ ಸೂಪಿನ ಬಟ್ಟಲಿನಿಂದ ತಲೆ ಎತ್ತುವಾಗ ಅವನ ಕೋಟು ಒಬ್ಬ ದಪ್ಪ ಮನುಷ್ಯನ ಮೈಮೇಲೆ ಹೊರಟಿತ್ತು. ಅದು ತನ್ನದೆಂದು ಹೇಳಲು ಅವನಿಗೆ ಮಾತು ಬೇಕಿತ್ತು. ಇದ್ದದ್ದು ಆರೇ ಮಾತು.

"ಮಾಂತೋ," ಅಂದ ಓಡಿಹೋಗಿ.

"ಹೌದಪ್ಪಾ, ಮಾಂತೋನೇ. ಒಳ್ಳೆ ಬೆಚ್ಚಗಿದೆ," ಅಂದ ಆ ಮನುಷ್ಯ.

"ಮಾಂತೋ," ಅಂದ ವೆಂಡೆಲ್ ಎದೆ ಮುಟ್ಟಿಕೊಂಡು.

"ನಿಂಗೂ ಇಷ್ಟ ಆಯ್ತಾ? ಲೇಟಾಗಿ ಬಂದೆ ಮಾರಾಯ." ಬೆನ್ನು ತಟ್ಟಿ ಹೋದ.

ಅಷ್ಟರಲ್ಲಿ ಟೋಪಿ ಅಂಚೆಯವನ ತಲೆಗೇರಿತ್ತು. "ತುಕ್," ಎಂದು ವೆಂಡೆಲ್ ಗೋಗರೆದ. ಅಂಚೆಯವನು ಚೆನ್ನಾಗಿ ಒಪ್ಪುತ್ತಾ ಎಂದು ಕೇಳಿ, ಉತ್ತರವನ್ನೂ ತಾನೇ ಹೇಳಿಕೊಂಡ. ಶಾಲು ಪಾದ್ರಿಯ ಅಡುಗೆಯವಳ ಕೊರಳಿಗೆ, ಬೂಟು ಗಂಟೆ ಬಾರಿಸುವವನ ಕಾಲಿಗೆ. ಬೂಟಿನ ಹಿಂದೆ "ಬೋತ್, ಬೋತ್" ಎಂದು ಕಾಲುಚೀಲದಲ್ಲೇ ಓಡಿದವನು ಜಾರಿ ಬಿದ್ದದ್ದು ನೇರವಾಗಿ ಬಟ್ಟೆಯ ಮೇಜಿನ ಮೇಲೆ.

ಅಲ್ಲೇ ಕೆಟ್ಟಿತು. ಸುತ್ತ ನಿಂತ ಅಜ್ಜಿಯರಿಗೆ ಅವನ ಮೈಮೇಲಿನ ಚೀಟಿಗಳು ಕಂಡವು.

"ಈ ಸಲ ಬಟ್ಟೆ ತೊಡಿಸೋ ಗೊಂಬೆ ಬದಲು ಆಳನ್ನೇ ನಿಲ್ಸಿದಾರೆ ಕಣೇ."

"ಶಾಂದಾಯ್ ನನ್ನ ಮೊಮ್ಮಗನಿಗೆ. ಕೈ ಎತ್ತು ಮಗಾ."

ವೆಂಡೆಲ್ ಕೈ ಎತ್ತಿದ್ದು ಬೇಡ ಎನ್ನಲು. ಸ್ವೆಟರು ಸಲೀಸಾಗಿ ಬಂತು.

"ಪಾಂತಾಲೋಂ," ಎಂದು ಕಿರುಚಿ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡ.

"ಕೂಗಿ ಕೂಗಿ ಮಾರ್ತಾನೆ ಪಾಪ, ಎಷ್ಟು ಶ್ರದ್ಧೆ," ಎಂದು ಇನ್ನೊಬ್ಬಳು ಕಾಲು ಹಿಡಿದೆಳೆದಳು. ಎಪ್ಪತ್ತು ದಾಟಿದ ಹೆಂಗಸರಿಗೆ ಬಜಾರಿನ ದಿನ ಎತ್ತಿನ ಬಲ ಬರುತ್ತದೆ. ಉಣ್ಣೆಯ ಒಳಚಡ್ಡಿಗೆ ಒವಿಲಾ ಚೀಟಿ ಹಾಕದೆ ಇದ್ದದ್ದರಿಂದ ಅದೊಂದು ಉಳಿಯಿತು. ಪರದೆಯ ಹಿಂದೆ ಅಡಗಿದವನ ಮೇಲೆ ರೊಜಿಲ್ದಾ ಅಡುಗೆಕೋಣೆಯಲ್ಲಿ ನೇತಾಡುತ್ತಿದ್ದ ಗುಲಾಬಿ ಹೂವಿನ ನಿಲುವಂಗಿಯೊಂದನ್ನು ತಂದು ಹೊದಿಸಿದಳು. ಅದು ಅವನ ಮೊಣಕಾಲಿಗೇ ಮುಗಿಯಿತು.

ಆಗಲೇ ಮದಾಂ ಪೆಲ್ಶಾ ಬಂದಳು. ಹೂವಿನ ಗಂಡಸನ್ನು ಮೇಲಿಂದ ಕೆಳಗೆ ನೋಡಿದಳು.

"ಮೈಮೇಲೆ ಕೇಳೋಕೆ ಏನೂ ಉಳಿದಿಲ್ಲ. ಸರಿ, ಊರ ಮೇಲೆ ಕೇಳ್ತೀನಿ."

ದಪ್ಪ ಮನುಷ್ಯನ ಬೆನ್ನು ತೋರಿಸಿದಳು. "ಮಾಂತೋ," ಅಂದ ವೆಂಡೆಲ್, ಕಳೆದುಹೋದ ಮಗನನ್ನು ಕರೆದಂತೆ. ಅಂಚೆಯವನ ತಲೆ, ಅಡುಗೆಯವಳ ಕೊರಳು, ಗಂಟೆಯವನ ಕಾಲು. ಒಂದೂ ತಪ್ಪಲಿಲ್ಲ. ಬಾಗಿಲು ದಾಟುತ್ತಿದ್ದ ಪ್ಯಾಂಟನ್ನಂತೂ ಆಕೆ ಕೇಳುವ ಮೊದಲೇ ಹೆಸರು ಹಿಡಿದು ಕೂಗಿದ. ಸೂಪು ಕುಡಿಯುತ್ತಿದ್ದವರೆಲ್ಲ ಚಮಚ ಬಡಿದರು.

"ಹೆಸರು ಹೇಳಿದ್ದಷ್ಟೇ ಅಲ್ಲಮ್ಮ," ಅಂದಳು ರೊಜಿಲ್ದಾ. "ಎಲ್ಲಾ ಅವನದೇ ಬಟ್ಟೆ. ತೊಟ್ಟಿದ್ದನ್ನೇ ಬಿಚ್ಚಿ ಚರ್ಚಿಗೆ ಕೊಟ್ಬಿಟ್ಟ."

ಚಪ್ಪಾಳೆಗೆ ಸೂರು ಒಂದಡಿ ಎದ್ದು ಕೂತಿತು. ವೆಂಡೆಲ್‌ಗೆ ಒಂದಕ್ಷರ ತಿಳಿಯಲಿಲ್ಲ. ಮದುವೆ ಗಟ್ಟಿಯಾಯಿತೆಂದು ನಾಲ್ಕು ದಿಕ್ಕಿಗೂ ಬಾಗಿ ನಮಸ್ಕರಿಸಿದ.

ಮದಾಂ ಪೆಲ್ಶಾ ಮಾತ್ರ ನಗಲಿಲ್ಲ. "ಪರೀಕ್ಷೆ ಪಾಸು. ಮಗಳನ್ನ ಕೊಡಲ್ಲ."

ಚಮಚಗಳು ನಿಂತವು.

"ಜನವರೀಲಿ ಪ್ಯಾಂಟು ದಾನ ಮಾಡೋನು ಫೆಬ್ರವರೀಲಿ ಒಲೆ ದಾನ ಮಾಡ್ತಾನೆ. ನನ್ನ ಗಂಡ ಹೀಗೇ ಇದ್ದ. ಒಂದಿನ ಮಂಚ ಕೊಟ್ಟು ಬಂದ, ನಾನು ಅದರ ಮೇಲೇ ಮಲಗಿದ್ದೆ."

ಬೇಕರಿ ಮುಚ್ಚಿ ಬಂದ ಸೊಲಾಂಜ್ ಬಾಗಿಲಲ್ಲಿ ನಿಂತು ಇದನ್ನೇ ಕೇಳಿದಳು. ವೆಂಡೆಲ್‌ನನ್ನು ಮೂಲೆಗೆ ಎಳೆದು ಇಂಗ್ಲಿಷಿನಲ್ಲಿ ನಡೆದದ್ದು ತಿಳಿದುಕೊಂಡಳು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು ತಾಯಿಯ ಹತ್ತಿರ ಬಂದಳು.

"ಅಮ್ಮಾ, ಅವನು ಏನೂ ಕೊಟ್ಟಿಲ್ಲ. ಇವರೇ ಕಿತ್ಕೊಂಡಿದ್ದು. ಅವನಿಗೆ ವಾಪಸ್ ಬೇಕಂತೆ."

"ಕೊಡಲಿಲ್ವಾ?"

"ಒಂದು ಗುಂಡೀನೂ ಇಲ್ಲ."

"ಮತ್ತೆ ನಾಲ್ಕು ಕಡೆ ಬಗ್ಗಿ ಚಪ್ಪಾಳೆ ತಗೊಂಡನಲ್ಲ?" ಮದಾಂ ಪೆಲ್ಶಾಳ ಹುಬ್ಬು ಕೂದಲೊಳಗೆ ಹೋಗಿ ಸೇರಿತು. "ಕೊಡೋನಾಗಿದ್ರೆ ಮನೆ ಮುಳುಗಿಸ್ತಿದ್ದ. ಇವನು ಕೊಡದೇನೇ ಕೊಟ್ಟ ಹೆಸರು ತಗೊಳ್ಳೋನು, ಅದೂ ದೇವರ ಮನೇಲಿ ನಿಂತು. ಮುಂದಿನ ಜನವರಿಗೆ ಬರ್ಲಿ, ಮತ್ತೆ ನೋಡೋಣ."

ಹೋಗಲು ತಿರುಗಿದವಳು ನಿಂತಳು. ವೆಂಡೆಲ್‌ನ ಎದೆಯ ಮೇಲಿನ ಗುಲಾಬಿ ಹೂವಿಗೆ ಬೆರಳು ಚುಚ್ಚಿದಳು.

"ಬಿಚ್ಚಿಡು. ನಂದು ಅದು."

ವೆಂಡೆಲ್ ಕೆಳಗೆ ನೋಡಿಕೊಂಡ. ಆರೂ ಮಾತನ್ನು ಮನಸ್ಸಿನಲ್ಲೇ ಮಗುಚಿ ಹಾಕಿದ, ಯಾವುದೂ ಹೊಂದಲಿಲ್ಲ.

"ಸೊಲಾಂಜ್," ಎಂದು ತುಟಿ ಅಲುಗಿಸದೆ ಕೇಳಿದ, "ಕೊನೇ ಪ್ರಶ್ನೆ ಇರ್ಬೇಕು. ಬೇಗ ಹೇಳು, ಇದರ ಹೆಸರೇನು?"

ಅಜ್ಜಿಯರು ಆಗಲೇ ನಿಲುವಂಗಿಯ ತೋಳು ಹಿಡಿದು ಎಳೆಯುತ್ತಿದ್ದರು.